ಮಂಗಳೂರು ಸಮಾಚಾರದ ಮೋಗ್ಲಿಂಗ್ ಪಂಡಿತರು

ಲೋಕದಲ್ಲಿ ಮನುಷ್ಯನು ಯಾವ ಕಾರ್ಯವನ್ನು ತನ್ನ ಜನ್ಮದ ಪರಮಪ್ರಯೋಜನವೆಂದು ಭಾವಿಸಿ ಶರೀರವನ್ನು ಸವೆಸುವನೋ ಆ ಕಾರ್ಯದಿಂದಲೇ ಮುಂದಿನವರು ಅವನನ್ನು ಸ್ಮರಿಸುವರೆಂಬ ನಿಯಮವೇನೂ ಇಲ್ಲ. ನಡುದಾರಿಯಲ್ಲಿ ಗೌಣವೆಂದು ತಿಳಿದು ಮಾಡಿದ ಯಾವುದೋ ಒಂದು ಕೆಲಸವೇ ಕೆಲವು ವೇಳೆ ಅವನ ಹೆಸರನ್ನು ಉಳಿಸಿಕೊಡುವುದುಂಟು. ನಮ್ಮ ಶಾಸ್ತ್ರಕಾರರು ಹೇಳುವ ಲೌಕಿಕ ನ್ಯಾಯಗಳಲ್ಲಿ ಇಂತಹದೊಂದಿದೆ: ಮಾವಿನ ಮರದ ಬುಡದಲ್ಲಿ ನಿಂತು ಪಿತೃಗಳಿಗೆ ತರ್ಪಣೋದಕವನ್ನು ಬಿಟ್ಟರೆ ಪಿತೃಗಳಿಗೂ ತೃಪ್ತಿಯಾಗುವುದು, ಮರಕ್ಕೂ ನೀರೆರೆದಂತಾಗುವುದು. ತರ್ಪಣ ಬಿಟ್ಟವನ ಮನಸ್ಸು ಪಿತೃಗಳ ಮೇಲಿದ್ದಿರಬಹುದು. ಆದರೆ ಹಣ್ಣು ತಿನ್ನುವ ಮೊಮ್ಮಕ್ಕಳು ನೋಡುವುದು ಮರವನ್ನೇ.

ಈ ನ್ಯಾಯಕ್ಕೆ ನಮ್ಮ ಕರಾವಳಿಯಲ್ಲಿಯೇ ಒಂದು ಉತ್ತಮ ದೃಷ್ಟಾಂತವು ದೊರೆಯುವುದು. ಪ್ರತಿ ವರ್ಷ ಜುಲೈ ತಿಂಗಳ ೧ನೆಯ ತಾರೀಕಿನಂದು ಕರ್ನಾಟಕದಲ್ಲಿ ಪತ್ರಿಕಾ ದಿನವನ್ನು ಆಚರಿಸುವರಷ್ಟೆ. ೧೮೪೩ನೆಯ ಇಸವಿಯ ಅದೇ ದಿನ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ವೆಂಬ ಕನ್ನಡದ ಪ್ರಪ್ರಥಮ ವೃತ್ತಪತ್ರಿಕೆಯು ಹುಟ್ಟಿತು. ಅದರ ಸಂಪಾದಕರು ಹರ್ಮನ್ ಫ್ರೀಡ್ರಿಕ್ ಮೋಗ್ಲಿಂಗ್ ಎಂಬ ಜರ್ಮನ್ ದೇಶದ ಪಾದ್ರಿಗಳು. ಇವರೇ ಮುಂದೆ ಕೊಡಗಿನ ಚರಿತ್ರೆಯನ್ನು ಬರೆದರು. ದಾಸರ ಪದಗಳನ್ನೂ ಪುರಾಣಗಳನ್ನೂ ಅಚ್ಚಿಗೆ ತಂದರು. ಇವರು ಹಡಗು ಹತ್ತಿ ಬಂದುದಾದರೋ ಇವುಗಳಲ್ಲಿ ಯಾವುದಕ್ಕೂ ಅಲ್ಲ, ಕ್ರೈಸ್ತಮತ ಬೋಧನೆಗಾಗಿ. ಆ ಮಹನೀಯರ ಚರಿತ್ರೆಯನ್ನು ವಾಚಕ ಸೋದರ ಸೋದರಿಯರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಜನನ, ವಿದ್ಯಾಭ್ಯಾಸ

ಮೋಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನಕ್ಕೆ ಸೇರಿದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ೧೮೧೧ನೆಯ ಇಸವಿ ಮೇ ೨೯ರಂದು ಜನಿಸಿದರು. ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ಅವರ ಶಾಸ್ತ್ರಾಭ್ಯಾಸವಾಯಿತು. ನಮ್ಮಲ್ಲಿ ವೇದಾಧ್ಯಯನಕ್ಕೆ ಹೊರಟವನಿಗೆ ಶಿಕ್ಷಾ ವ್ಯಾಕರಣಾದಿ ಅಂಗಗಳ ಪರಿಶ್ರಮವು ಹೇಗೆ ಅವಶ್ಯವೋ ಹಾಗೆ ಅಲ್ಲಿ ಮತಶಾಸ್ತ್ರವನ್ನು ಓದುವವರಿಗೆ ಗ್ರೀಕ್, ಲ್ಯಾಟಿನ್, ಹೀಬ್ರೂ ಭಾಷೆಗಳ ಪರಿಶ್ರಮವು ವಿಹಿತವಾಗಿತ್ತು. ಪ್ರಾಚೀನ ಗ್ರಂಥವೊಂದನ್ನು ಕೈಗೆತ್ತಿಕೊಂಡರೆ ಪಾಠಾಂತರಗಳನ್ನು ಕೂಡಿಸಿ ನೋಡಬೇಕು, ಪದದ ಮೂಲವನ್ನು ಹುಡುಕಬೇಕು ಎಂಬ ಶಿಸ್ತು ಅಂತಹ ವ್ಯಾಸಂಗದ ಫಲ. ಅದೇ ಮುಂದೆ ಕನ್ನಡದ ಪಾಲಿಗೆ ಭಾಗ್ಯವಾಗಿ ಪರಿಣಮಿಸಿತು.

ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಸ್ಥೆಯವರು ೧೮೩೪ರಲ್ಲಿ ತಮ್ಮ ಮೊದಲ ಮೂವರು ಬೋಧಕರನ್ನು ಮಂಗಳೂರಿಗೆ ಕಳುಹಿಸಿದ್ದರು. ಅದಾಗಿ ಎರಡು ವರ್ಷಗಳಿಗೆ, ಎಂದರೆ ೧೮೩೬ರಲ್ಲಿ, ಇಪ್ಪತ್ತೈದು ವರ್ಷದ ಯುವಕರಾದ ಮೋಗ್ಲಿಂಗರು ಈ ತೀರಕ್ಕೆ ಬಂದಿಳಿದರು. ಬಂದವರು ಕನ್ನಡವನ್ನು ಕಲಿತರು. ಕಲಿತುದು ಪೇಟೆಯಲ್ಲಿ ವ್ಯವಹಾರ ನಡೆಸುವಷ್ಟು ಮಾತ್ರವಲ್ಲ. ಷಟ್ಪದಿಯ ಕಾವ್ಯಗಳನ್ನು ಓದಿ ರಸವನ್ನು ಗ್ರಹಿಸುವಷ್ಟು ಕಲಿತರು.

ಅಂದಿನ ಮಂಗಳೂರು

ಪತ್ರಿಕೆಯ ಕಥೆಯನ್ನು ಹೇಳುವುದಕ್ಕೆ ಮೊದಲು ಆ ಕಾಲದಲ್ಲಿ ನಮ್ಮ ಜಿಲ್ಲೆಯು ಹೇಗಿದ್ದಿತೆಂಬುದನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಉತ್ತರ ಕನ್ನಡ, ದಕ್ಷಿಣ ಕನ್ನಡವೆಂಬ ವಿಭಾಗವು ಆಗ ಆಗಿರಲಿಲ್ಲ. ಕಾಸರಗೋಡಿನಿಂದ ಕಾರವಾರದವರೆಗೆ ಎಲ್ಲವೂ ಕೆನರಾ ಎಂಬ ಒಂದೇ ಜಿಲ್ಲೆಯಾಗಿ ಮದರಾಸಿನ ಆಧಿಪತ್ಯಕ್ಕೆ ಒಳಪಟ್ಟಿದ್ದಿತು. ಮಂಗಳೂರಿಗೆ ರೈಲುಗಾಡಿ ಬಂದುದು ೧೯೦೭ರಲ್ಲಿ. ನಮ್ಮ ಬೆಳ್ಮಣ್ಣಿನಿಂದ ಪಡುಬಿದ್ರೆಗೆ ಇಳಿದು ಮಂಗಳೂರಿಗೆ ಹೋಗುವವನು ಮೂಲ್ಕಿಯಲ್ಲಿ ಶಾಂಭವಿಯನ್ನು, ಪಾವಂಜೆಯಲ್ಲಿ ನಂದಿನಿಯನ್ನು, ಕೂಳೂರಿನಲ್ಲಿ ಗುರುಪುರ ಹೊಳೆಯನ್ನು ದಾಟಬೇಕು. ಈಗ ಸೇತುವೆಗಳ ಮೇಲೆ ಬಸ್ಸು ಹಾದುಹೋಗುವಾಗ ಅವು ಹೊಳೆಗಳೆಂಬುದೇ ಅನೇಕರ ಲಕ್ಷ್ಯಕ್ಕೆ ಬಾರದು. ಅಂದು ಒಂದೊಂದೂ ಒಂದೊಂದು ಕಡವು. ಮಳೆಗಾಲದಲ್ಲಿ ದೋಣಿಯವನು ಒಲ್ಲೆನೆಂದರೆ ಅಲ್ಲಿಯೇ ತಂಗಬೇಕು. ಇಂತಹ ನಾಡಿನಲ್ಲಿ ಸುದ್ದಿಯೂ ಕಾಲ್ನಡಿಗೆಯಲ್ಲಿಯೇ ಬರಬೇಕಾಗಿತ್ತು. ಕಡವಿನ ದೋಣಿಯಲ್ಲಿ, ಸಂತೆಯಲ್ಲಿ, ಕಚೇರಿಯ ಜಗಲಿಯಲ್ಲಿ ಬಾಯಿಂದ ಬಾಯಿಗೆ ಹೋಗುತ್ತ ಹೋಗುತ್ತ ಇಲಿಯು ಹುಲಿಯಾಗುತ್ತಿದ್ದಿತು.

ವದಂತಿಗೆ ಎಂತಹ ಬಲವಿದೆ ಎಂಬುದನ್ನು ಆ ಊರು ಆಗತಾನೇ ಕಂಡಿದ್ದಿತು. ೧೮೩೪ರಲ್ಲಿ ಕುಂಪಣಿಯವರು ಕೊಡಗಿನ ಅರಸನಾದ ಚಿಕ್ಕವೀರರಾಜನನ್ನು ಪದಚ್ಯುತನನ್ನಾಗಿ ಮಾಡಿ, ಅವನ ಅಧೀನದಲ್ಲಿದ್ದ ಅಮರಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಕೂಡಿಸಿದರು. ಮೊದಲು ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣವಾಗಿಯೇ ಸಲ್ಲಿಸಬೇಕೆಂದಾಗ ರೈತರು ಸಂಕಟಕ್ಕೆ ಸಿಕ್ಕಿದರು. ೧೮೩೭ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಆ ಸಂಕಟವು ದಂಗೆಯಾಗಿ ಮಂಗಳೂರಿನವರೆಗೂ ಬಂದು, ಕುಂಪಣಿಯ ಅಧಿಕಾರಿಗಳು ಸಮುದ್ರಮಾರ್ಗವಾಗಿ ಕಣ್ಣಾನೂರಿಗೆ ಓಡುವಂತಾಯಿತು. ಕೆಲವೇ ದಿನಗಳಲ್ಲಿ ಸೇನೆಯು ಬಂದು ದಂಗೆಯನ್ನು ಅಡಗಿಸಿದ್ದೂ ನಾಯಕರು ನೇಣಿಗೇರಿದ್ದೂ ಪ್ರಸಿದ್ಧವಾಗಿದೆ. ಅರಸನ ವಂಶದವನೊಬ್ಬನು ಬರುತ್ತಿರುವನೆಂಬ ಮಾತನ್ನು ನಂಬಿ ಎಷ್ಟು ಮಂದಿ ಹಿಂದೆ ಹೊರಟರು! ನಿಜವಾವುದು ಸುಳ್ಳಾವುದೆಂದು ತಿಳಿಯಲು ಅವರಿಗೆ ಮಾರ್ಗವಾದರೂ ಏನಿದ್ದಿತು? ಇದಾಗಿ ಆರು ವರ್ಷಗಳಿಗೆ ‘ಮಂಗಳೂರು ಸಮಾಚಾರ’ವು ಹೊರಟಿತು. ಸುದ್ದಿಗಾಗಿ ಹಂಬಲಿಸುವ ಜನರಿಗೆ ವದಂತಿಗೆ ಬದಲಾಗಿ ನಿಶ್ಚಿತ ವರ್ತಮಾನವನ್ನು ಒದಗಿಸಬೇಕೆಂಬುದು ಅದರ ಸಂಪಾದಕರ ಆಶಯವಾಗಿತ್ತು.

ಕಲ್ಲಚ್ಚಿನ ಪತ್ರಿಕೆ

ಬಾಸೆಲ್ ಮಿಶನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಒಂದು ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದ್ದರು. ಅಚ್ಚಿನ ಮೊಳೆಗಳನ್ನು ಜೋಡಿಸಿ ಮುದ್ರಿಸುವುದನ್ನು ಬಲ್ಲವರಿಗೂ ಈ ಕಲ್ಲಚ್ಚಿನ ವಿಧಾನವು ಅಪರಿಚಿತವಾಗಿರಬಹುದಾದುದರಿಂದ ಅದನ್ನು ಸ್ವಲ್ಪ ವಿವರಿಸುವೆನು. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ನುಣುಪಾದ ಒಂದು ಬಗೆಯ ಸುಣ್ಣಕಲ್ಲು ದೊರೆಯುವುದು. ಆ ಕಲ್ಲನ್ನು ನಯವಾಗಿ ತೇಯ್ದು, ಜಿಡ್ಡಿನ ಅಂಶವುಳ್ಳ ಮಸಿಯಿಂದ ಅದರ ಮೇಲೆ ಬರೆಯಬೇಕು. ಅಥವಾ ಕಾಗದದ ಮೇಲೆ ಬರೆದುದನ್ನು ಕಲ್ಲಿಗೆ ಒತ್ತಿ ಇಳಿಸಬೇಕು. ಆಮೇಲೆ ಕಲ್ಲನ್ನು ನೀರಿನಿಂದ ತೋಯಿಸಿದರೆ ಬರಹವಿಲ್ಲದ ಎಡೆಯು ನೀರನ್ನು ಹೀರುವುದು, ಬರಹವಿದ್ದ ಎಡೆಯು ನೀರನ್ನು ಒಲ್ಲದು. ಮಸಿಯ ಉರುಳೆಯನ್ನು ಉರುಳಿಸಿದಾಗ ಮಸಿಯು ಜಿಡ್ಡಿನ ಅಕ್ಷರಗಳಿಗೆ ಮಾತ್ರ ಅಂಟಿಕೊಳ್ಳುವುದು. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಒಂದು ಪ್ರತಿ ಸಿದ್ಧವಾಯಿತು. ಎಣ್ಣೆಗೂ ನೀರಿಗೂ ಇರುವ ಸಹಜವೈರವೇ ಈ ವಿದ್ಯೆಯ ಬೀಜ. ೧೮ನೆಯ ಶತಮಾನದ ಕೊನೆಯಲ್ಲಿ ಸೆನೆಫೆಲ್ಡರ್ ಎಂಬವರು ಇದನ್ನು ಕಂಡುಹಿಡಿದರು.

ಕನ್ನಡದಂತಹ ಭಾಷೆಗೆ ಈ ವಿಧಾನದಿಂದ ಒಂದು ದೊಡ್ಡ ಸೌಕರ್ಯವಿದ್ದಿತು. ಗುಣಿತಾಕ್ಷರ, ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆಗಳನ್ನು ಎರಕ ಹೊಯ್ಯುವ ತೊಂದರೆಯಿಲ್ಲ. ಅಂದವಾಗಿ ಬರೆಯಬಲ್ಲ ಒಬ್ಬ ಲಿಪಿಕಾರನಿದ್ದರೆ ಸಾಕು. ಅನನುಕೂಲವೂ ಇದ್ದಿತು. ಕೆಲಸವು ಬಲು ನಿಧಾನ. ಅಕ್ಷರಗಳನ್ನು ಬಹಳ ಚಿಕ್ಕದಾಗಿ ಬರೆಯಲಾಗದು. ಒಂದು ಸಂಚಿಕೆಯು ಮುಗಿದೊಡನೆ ಕಲ್ಲನ್ನು ಪುನಃ ತೇಯ್ದು ಹಳೆಯ ಬರಹವನ್ನು ಅಳಿಸಿಯೇ ಮುಂದಿನ ಸಂಚಿಕೆಯನ್ನು ಬರೆಯಬೇಕು. ಆದುದರಿಂದ ಓದುಗರ ಕೈಗೆ ಹೋದ ಪ್ರತಿಗಳ ಹೊರತು ಸಂಚಿಕೆಯ ಬೇರೆ ಯಾವ ಕುರುಹೂ ಉಳಿಯುತ್ತಿರಲಿಲ್ಲ.

ಹೀಗೆ ಹದಿನೈದು ದಿನಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆಯು ಹೊರಡುತ್ತಿದ್ದಿತು. ಕ್ರಯವು ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿರೂಪಗಳು, ಅನ್ಯರಾಜ್ಯಗಳ ವಾರ್ತೆ, ನೀತಿಬೋಧೆ, ಕಥೆ, ವಾಚಕರ ಓಲೆಗಳು — ಇವು ಅದರಲ್ಲಿ ಇರುತ್ತಿದ್ದುವು. ಈಗಿನ ಪತ್ರಿಕೆಗಳಲ್ಲಿ ನಾವು ಕಾಣುವ ಅಂಗಗಳೆಲ್ಲವೂ ಬೀಜರೂಪದಲ್ಲಿ ಆ ನಾಲ್ಕು ಪುಟಗಳಲ್ಲಿ ಅಡಗಿದ್ದುವೆಂದರೆ ಅತಿಶಯೋಕ್ತಿಯಾಗಲಾರದು. ಅದರಲ್ಲಿಯೂ ಸರಕಾರದ ಕಾಯಿದೆಗಳನ್ನು ಕನ್ನಡದಲ್ಲಿ ಅಚ್ಚುಹಾಕಿದುದರ ಮಹತ್ತ್ವವನ್ನು ಗಮನಿಸಬೇಕು. ತನಗೆ ಅನ್ವಯಿಸುವ ಶಾಸನವೇನೆಂಬುದನ್ನು ಕಚೇರಿಯ ಗುಮಾಸ್ತನ ಬಾಯಿಂದಲೇ ಕೇಳಬೇಕಾಗಿದ್ದ ರೈತನಿಗೆ, ಅಕ್ಷರ ಬಲ್ಲ ನೆರೆಮನೆಯವನಿಂದ ಅದನ್ನು ಓದಿಸಿ ಕೇಳುವ ಅವಕಾಶವು ಮೊದಲ ಬಾರಿಗೆ ಒಂದು ದುಡ್ಡಿಗೆ ದೊರೆಯಿತು.

ಪತ್ರಿಕೆಯ ಆಯುಷ್ಯವು ದೀರ್ಘವಾಗಲಿಲ್ಲ. ಕಲ್ಲಚ್ಚಿನ ಮಿತಿಗಳ ದೆಸೆಯಿಂದ ೧೮೪೪ರಲ್ಲಿ ಮುದ್ರಣವು ಬಳ್ಳಾರಿಗೆ ಹೋಯಿತು. ಅಲ್ಲಿ ಸೀಸದ ಮೊಳೆಗಳ ಮುದ್ರಣಾಲಯವಿದ್ದಿತು. ಒಂದು ಪಟ್ಟಣದ ಹೆಸರನ್ನು ಬಿಟ್ಟು ‘ಕನ್ನಡ ಸಮಾಚಾರ’ವೆಂಬ ವಿಶಾಲವಾದ ಹೆಸರನ್ನು ಧರಿಸಿ ಪತ್ರಿಕೆಯು ಅಲ್ಲಿಂದ ಹೊರಟಿತು, ಆದರೆ ಬಹುಕಾಲ ನಡೆಯದೆ ನಿಂತುಹೋಯಿತು. ಅಂದಿನ ದಿನಗಳಲ್ಲಿ ಮಂಗಳೂರಿನ ಸಂಪಾದಕನಿಗೂ ಬಳ್ಳಾರಿಯ ಮುದ್ರಣಾಲಯಕ್ಕೂ ನಡುವೆ ಎಷ್ಟು ಹೊಳೆ, ಎಷ್ಟು ಘಟ್ಟ, ಎಷ್ಟು ಹಗಲಿನ ಪ್ರಯಾಣ! ಊರಿನ ಸುದ್ದಿಯು ಊರನ್ನು ಬಿಟ್ಟು ಹೋಗಿ ಅಚ್ಚಾಗಿ ತಿರುಗಿ ಬರುವಷ್ಟರಲ್ಲಿ ಅದು ಸುದ್ದಿಯಾಗಿ ಉಳಿಯುವುದಾದರೂ ಹೇಗೆ?

ಇವರ ಮಾದರಿಯು ವ್ಯರ್ಥವಾಗಲಿಲ್ಲವೆಂಬುದಕ್ಕೆ ನೆರೆನಾಡಿನ ನಿದರ್ಶನವೊಂದುಂಟು. ಟ್ಯೂಬಿಂಗೆನ್ ವಿದ್ಯಾಪೀಠದವರೇ ಆದ ಹರ್ಮನ್ ಗುಂಡರ್ಟ್ ಎಂಬ ಪಂಡಿತರು ೧೮೪೭ರಲ್ಲಿ ತಲಚೇರಿಯ ಸಮೀಪದಿಂದ ‘ರಾಜ್ಯಸಮಾಚಾರಂ’ ಎಂಬ ಮಲಯಾಳ ಭಾಷೆಯ ಮೊದಲ ಪತ್ರಿಕೆಯನ್ನು ಹೊರಡಿಸಿದರು. ೧೯೪೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸಾಹಿತಿ ಹರ್ಮನ್ ಹೆಸ್ಸೆ ಈ ಗುಂಡರ್ಟರ ದೌಹಿತ್ರರು.

ಗ್ರಂಥಮಾಲೆ

ಪತ್ರಿಕೆಯು ನಿಂತರೂ ಸಂಪಾದಕರ ಲೇಖನಿಯು ನಿಲ್ಲಲಿಲ್ಲ. ಕನ್ನಡದ ಕಾವ್ಯಗಳು ಆಗ ಓಲೆಗರಿಗಳಲ್ಲಿಯೂ ಕೈಬರಹದ ಪುಸ್ತಕಗಳಲ್ಲಿಯೂ ಚದುರಿಹೋಗಿದ್ದುವು. ಅವುಗಳನ್ನು ಸಂಗ್ರಹಿಸಿ ಶೋಧಿಸಿ ಮುದ್ರಿಸಬೇಕೆಂದು ಮೋಗ್ಲಿಂಗರು ಸಂಕಲ್ಪಿಸಿದರು. ಕಾಸಾಮೇಜರ್ ಎಂಬ ನಿವೃತ್ತ ಆಂಗ್ಲ ನ್ಯಾಯಾಧೀಶರು ದ್ರವ್ಯಸಹಾಯವನ್ನು ಮಾಡಿದರು. ೧೮೪೮ರಿಂದ ಮುಂದಿನ ಐದಾರು ವರ್ಷಗಳಲ್ಲಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯು ಮಂಗಳೂರಿನಿಂದ ಪ್ರಕಟವಾಯಿತು. ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ರಾವಣದಿಗ್ವಿಜಯವೆಂಬ ಯಕ್ಷಗಾನ ಪ್ರಸಂಗ — ಇವು ಅದರಲ್ಲಿ ಸೇರಿದ್ದುವು.

ಈ ಪಟ್ಟಿಯನ್ನು ಸಾವಧಾನವಾಗಿ ಪರಿಭಾವಿಸಬೇಕೆಂದು ವಾಚಕರನ್ನು ಪ್ರಾರ್ಥಿಸುವೆನು. ಬ್ರಾಹ್ಮಣರ ಮನೆಯಲ್ಲಿ ಓದುವ ಗ್ರಂಥವಿದೆ, ವೀರಶೈವರ ಪುರಾಣಗಳಿವೆ, ಭಜನೆಯ ಪದಗಳಿವೆ, ಆಟದ ಪ್ರಸಂಗವೂ ಇದೆ. ನಮ್ಮವರೇ ಆದ ಪಂಡಿತರು ಆ ಕಾಲದಲ್ಲಿ ಈ ಕಾರ್ಯಕ್ಕೆ ಕೈಹಾಕಿದ್ದರೆ ಇವನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುತ್ತಿದ್ದರೋ ಇಲ್ಲವೋ ಸಂದೇಹ. ಯಕ್ಷಗಾನ ಪ್ರಸಂಗವನ್ನು ಕಾವ್ಯವೆಂದು ಎಣಿಸದೆ, ದಾಸರ ಪದಗಳನ್ನು ಹೆಂಗಸರ ಹಾಡೆಂದು ಕಡೆಗಣಿಸಿದ ಪಂಡಿತಂಮನ್ಯರು ನಮ್ಮಲ್ಲಿ ಇದ್ದೇ ಇದ್ದರು. ೧೮೫೦ರಲ್ಲಿ ಹೊರಬಂದ ಆ ದಾಸರ ಪದಗಳ ಪುಸ್ತಕವನ್ನು ದಾಸಸಾಹಿತ್ಯದ ಮೊದಲ ಮುದ್ರಿತ ಸಂಕಲನವೆಂದು ವಿದ್ವಾಂಸರು ಎಣಿಸುವರು. ಮೋಗ್ಲಿಂಗರು ಅಷ್ಟಕ್ಕೇ ತೃಪ್ತರಾಗದೆ ಅವುಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ಪದ್ಯರೂಪದಲ್ಲಿ ಪರಿವರ್ತಿಸಿ ೧೮೬೦ರಿಂದ ಜರ್ಮನಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂಜೆಯಲ್ಲಿ ದೀಪ ಹಚ್ಚಿ ನಮ್ಮ ಅಜ್ಜಿಯರು ಹಾಡುತ್ತಿದ್ದ ಪುರಂದರದಾಸರ ವಾಣಿಯು ಈ ರೀತಿಯಾಗಿ ಸಮುದ್ರವನ್ನು ದಾಟಿತು.

ಕೊಡಗಿನ ಚರಿತ್ರೆ

೧೮೫೩ರಲ್ಲಿ ಮೋಗ್ಲಿಂಗರು ಕೊಡಗಿಗೆ ಹೋಗಿ ನೆಲಸಿದರು. ಅಲ್ಲಿಯ ವಾಸದ ಫಲವಾಗಿ ‘ಕೂರ್ಗ್ ಮೆಮಾಯರ್ಸ್’ ಎಂಬ ಇಂಗ್ಲಿಷ್ ಗ್ರಂಥವು ೧೮೫೫ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕೊಡಗಿನ ನೆಲ, ಜನ, ಆಚಾರವ್ಯವಹಾರಗಳು, ಹಾಲೇರಿ ಅರಸರ ಚರಿತ್ರೆ, ಕೊನೆಯಲ್ಲಿ ಅಲ್ಲಿಯ ಮಿಶನಿನ ವೃತ್ತಾಂತ — ಇವು ಅದರ ವಿಷಯ. ವರ್ತಮಾನವನ್ನು ಬರೆದ ಕೈಯು ಭೂತಕಾಲವನ್ನು ಬರೆಯತೊಡಗಿದುದು ಆಶ್ಚರ್ಯವಲ್ಲ. ಇಂದಿನ ವರ್ತಮಾನವೇ ನಾಳಿನ ಚರಿತ್ರೆ. ಕೇಳಿದುದನ್ನೆಲ್ಲ ನಂಬದೆ, ಯಾರು ಹೇಳಿದರು, ಏತಕ್ಕೆ ಹೇಳಿದರು ಎಂದು ವಿಚಾರಿಸುವುದು ಇಬ್ಬರ ಧರ್ಮವೂ ಹೌದು.

ಆ ಧರ್ಮಕ್ಕೆ ಕೊಡಗಿನಲ್ಲಿ ಕಠಿಣವಾದ ಪರೀಕ್ಷೆಯೊದಗಿತು. ಅಲ್ಲಿಯ ಚರಿತ್ರೆಗೆ ಮುಖ್ಯವಾದ ಆಧಾರವೆಂದರೆ ‘ರಾಜೇಂದ್ರನಾಮೆ’. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ರಾಜ್ಯವನ್ನು ಮರಳಿ ಗಳಿಸಿದ ದೊಡ್ಡವೀರರಾಜೇಂದ್ರನು ತನ್ನ ವಂಶದ ಕಥೆಯನ್ನು ೧೬೩೩ರಿಂದ ೧೮೦೭ರವರೆಗೆ ಕನ್ನಡದಲ್ಲಿ ಬರೆಯಿಸಿದ ಗ್ರಂಥವಿದು. ಹಾಲೇರಿಯ ಅರಸರಿಗೂ ಇಕ್ಕೇರಿಯವರಿಗೂ ಮೈಸೂರಿನವರಿಗೂ ನಡೆದ ವ್ಯವಹಾರಗಳನ್ನು ತಿಳಿಯುವುದಕ್ಕೆ ಇದು ಅಮೂಲ್ಯವಾದ ಸಾಧನ. ಆದರೆ ರಾಜಾಜ್ಞೆಯಿಂದ ಬರೆದ ಗ್ರಂಥವು ರಾಜನ ಪರಾಕ್ರಮವನ್ನು ಹೇಳಿದಂತೆ ರಾಜನ ದೋಷಗಳನ್ನು ಹೇಳೀತೇ? ೧೮೦೯ರಲ್ಲಿ ಮಡಿದ ಆ ಅರಸನ ಕೊನೆಗಾಲದ ಚಿತ್ತವಿಕಾರ ಮತ್ತು ಕ್ರೌರ್ಯಗಳ ಕಥೆ ಅಲ್ಲಿ ದೊರೆಯದು. ಅವನ ತಮ್ಮನಾದ ಲಿಂಗರಾಜನ ಆಳಿಕೆ, ೧೮೨೦ರಿಂದ ೧೮೩೪ರವರೆಗೆ ಆಳಿದ ಚಿಕ್ಕವೀರರಾಜನ ಪತನ ಇವೂ ಅದರ ಅವಧಿಯ ಆಚೆಗೆ ಉಳಿದುವು. ಈ ಎಡೆಗಳನ್ನೆಲ್ಲ ಮೋಗ್ಲಿಂಗರು ತಮ್ಮ ಗ್ರಂಥದಲ್ಲಿ ತುಂಬಿದರು. ಪದಚ್ಯುತಿಯಾಗಿ ಆಗ ಇಪ್ಪತ್ತು ವರ್ಷಗಳು ಮಾತ್ರ ಕಳೆದಿದ್ದುವು; ಹಳೆಯ ಅರಮನೆಯ ದಿನಗಳನ್ನು ಕಣ್ಣಾರೆ ಕಂಡವರು ಮನೆಮನೆಯಲ್ಲಿಯೂ ಇದ್ದ ಕಾಲವದು. ಇನ್ನೊಂದು ಪೀಳಿಗೆ ಕಳೆದಿದ್ದರೆ ಆ ಸಾಕ್ಷ್ಯವೆಲ್ಲ ಚಿತೆಯೊಡನೆ ಹೋಗುತ್ತಿದ್ದಿತು.

ಮೂಲವನ್ನು ತಾವು ಉಪಯೋಗಿಸಿಕೊಂಡು ಮರೆಮಾಡದೆ, ‘ರಾಜೇಂದ್ರನಾಮೆ’ಯ ಕನ್ನಡ ಪಾಠವನ್ನೇ ೧೮೫೭ರಲ್ಲಿ ಮಂಗಳೂರಿನಲ್ಲಿ ಮುದ್ರಿಸಿ ಜನರ ಕೈಯಲ್ಲಿಟ್ಟರು. ಚರಿತ್ರಕಾರನ ಪ್ರಾಮಾಣಿಕತೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ‘ನಾನು ಹೇಳಿದುದನ್ನು ನಂಬು’ ಎನ್ನುವವನು ಒಬ್ಬ. ‘ನಾನು ನೋಡಿದ ಪುಸ್ತಕ ಇದೋ, ನೀನೂ ನೋಡು’ ಎನ್ನುವವನು ಇನ್ನೊಬ್ಬ.

ಗುಣದೋಷ ವಿಚಾರ

ಇಲ್ಲಿ ಒಂದು ಪ್ರಶ್ನೆಯು ಸಹಜವಾಗಿಯೇ ಏಳುವುದು. ನಮ್ಮ ಧರ್ಮವನ್ನು ಬಿಡಿಸುವುದಕ್ಕೆಂದು ಬಂದವರನ್ನು ನಾವು ಕೊಂಡಾಡುವುದು ಉಚಿತವೇ? ಈ ಪ್ರಶ್ನೆಯನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ೧೮೪೪ರಲ್ಲಿ ಮಿಶನಿನ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯರೇ ಮೊದಲಾದ ಬ್ರಾಹ್ಮಣ ತರುಣರು ಮೋಗ್ಲಿಂಗರ ಪ್ರಭಾವದಿಂದ ಕ್ರೈಸ್ತರಾದಾಗ ಮಂಗಳೂರಿನಲ್ಲಿ ದೊಡ್ಡ ಕ್ಷೋಭೆಯೇ ಉಂಟಾಯಿತು. ಆ ತರುಣರ ಮನೆಗಳಲ್ಲಿ ಎಂತಹ ಶೋಕವು ಕವಿದಿರಬೇಕೆಂಬುದನ್ನು ಮಕ್ಕಳೊಂದಿಗರಾದ ವಾಚಕರಿಗೆ ಹೇಳಬೇಕಾದುದಿಲ್ಲ. ಅತ್ತ ಆ ತರುಣರಾದರೋ ತಮ್ಮ ಅಂತಃಕರಣಕ್ಕೆ ಸತ್ಯವೆಂದು ತೋರಿದುದನ್ನು ಹಿಡಿದವರು. ಆನಂದರಾಯರು ಬಾಸೆಲಿಗೆ ಹೋಗಿ ಶಿಕ್ಷಣ ಪಡೆದು ತಿರುಗಿ ಬಂದು ಆಜೀವನವೂ ಆ ಮಾರ್ಗದಲ್ಲಿಯೇ ನಡೆದರು. ಕೊಡಗಿನಲ್ಲಿ ಪರಾಧೀನರಾಗಿ ಬಾಳುತ್ತಿದ್ದ ಹೊಲೆಯರಿಗಾಗಿ ಆನಂದಪುರವೆಂಬ ಗ್ರಾಮವನ್ನು ಕಟ್ಟಿದುದರಲ್ಲಿ ಗುರುಶಿಷ್ಯರಿಬ್ಬರ ಶ್ರಮವೂ ಇದೆ. ಆ ಬಡವರನ್ನು ನಾವು ಮನುಷ್ಯರೆಂದು ಕಂಡಿದ್ದೆವೇ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾಗುವುದು.

ಮೋಗ್ಲಿಂಗರ ಬರಹದಲ್ಲಿ ದೋಷವಿಲ್ಲವೆಂದೂ ಅಲ್ಲ. ನಮ್ಮ ದೇವತಾರಾಧನೆಯನ್ನೂ ಭೂತಾರಾಧನೆಯನ್ನೂ ಅವರು ನೋಡಿದುದು ಮತಬೋಧಕನ ಕಣ್ಣಿನಿಂದ. ಕುಂಪಣಿಯವರು ಕೊಡಗನ್ನು ವಶಪಡಿಸಿಕೊಂಡುದು ನ್ಯಾಯವೋ ಎಂದು ಕೇಳುವ ಮನಸ್ಸು ಆ ಕಾಲದ ಯುರೋಪಿಯನ್ ಗ್ರಂಥಕಾರರಲ್ಲಿ ವಿರಳ. ದರ್ಬಾರಿನ ಲೇಖಕನು ಅರಸನ ಪಕ್ಷಪಾತಿಯಾದಂತೆ, ವಿದೇಶೀಯ ಲೇಖಕನು ತನ್ನ ಮತದ ಪಕ್ಷಪಾತಿಯಾಗುವುದು ಸಹಜ. ಎರಡನ್ನೂ ಬಲ್ಲವನಾಗಿ ಓದುವವನೇ ವಿವೇಕಿ. ಆದರೆ ಒಂದು ಮಾತು. ಪುರಾಣವನ್ನೂ ದಾಸರ ಪದವನ್ನೂ ಅಚ್ಚು ಮಾಡುವಾಗ ಮೋಗ್ಲಿಂಗರು ಕನ್ನಡದ ಸೇವಕರಾಗಿ ಕುಳಿತರು. ತಮಗೆ ಸಮ್ಮತವಲ್ಲದ ದೇವರ ಸ್ತುತಿಯನ್ನು ಕನ್ನಡಿಗರ ಕೈಗೇ ಮರಳಿ ಕೊಡುವುದಕ್ಕಾಗಿ ಅಕ್ಷರ ಅಕ್ಷರವಾಗಿ ತಿದ್ದಿದರು. ಈ ಔದಾರ್ಯಕ್ಕೆ ಕೃತಜ್ಞರಾಗುವುದರಿಂದ ನಮ್ಮ ಧರ್ಮಕ್ಕೆ ಯಾವ ಲೋಪವೂ ಬಾರದು. ಕೃತಘ್ನರಾದರೆ ಲೋಪ ಬರುವುದು.

ಅಂತ್ಯಕ್ರಮ

೧೮೫೮ರಲ್ಲಿ ಟ್ಯೂಬಿಂಗೆನ್ ವಿದ್ಯಾಪೀಠದವರು ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದ ಸೇವೆಗಾಗಿ ಮೋಗ್ಲಿಂಗರಿಗೆ ಗೌರವ ಡಾಕ್ಟರ್ ಪದವಿಯನ್ನು ದಯಪಾಲಿಸಿದರು. ಕನ್ನಡದ ಮಣ್ಣನ್ನು ಕಾಣದ ಒಂದು ದೂರದೇಶದ ವಿದ್ಯಾಪೀಠದಲ್ಲಿ ಕನ್ನಡಕ್ಕಾಗಿ ದುಡಿದವನಿಗೆ ಆ ಕಾಲದಲ್ಲಿಯೇ ಮನ್ನಣೆ ದೊರೆತುದು ಹೆಮ್ಮೆಯ ವಿಷಯವಾಗಿದೆ. ಎರಡು ವರ್ಷಗಳ ತರುವಾಯ, ೧೮೬೦ರಲ್ಲಿ, ಪತ್ನಿಯ ಅನಾರೋಗ್ಯದ ನಿಮಿತ್ತ ಅವರು ಭಾರತವನ್ನು ಬಿಟ್ಟು ಸ್ವದೇಶಕ್ಕೆ ತೆರಳಿದರು. ಮತ್ತೆ ಈ ತೀರವನ್ನು ಕಾಣಲಿಲ್ಲ. ಕೊಡಗನ್ನು ಕುರಿತು ಜರ್ಮನ್ ಭಾಷೆಯಲ್ಲಿ ಇನ್ನೊಬ್ಬರೊಡನೆ ಕೂಡಿ ಬರೆದ ಪುಸ್ತಕವು ೧೮೬೬ರಲ್ಲಿ ಹೊರಬಂದಿತು. ೧೮೭೦ರ ಅನಂತರದ ವರ್ಷಗಳಲ್ಲಿ ಜೈಮಿನಿ ಭಾರತದ ಕೆಲವು ಸಂಧಿಗಳನ್ನು ಆ ಭಾಷೆಗೆ ಪರಿವರ್ತಿಸಿದರು. ದೇಹವು ಅಲ್ಲಿದ್ದರೂ ಮನಸ್ಸು ಷಟ್ಪದಿಯನ್ನು ಬಿಟ್ಟಿರಲಿಲ್ಲ. ೧೮೮೧ನೆಯ ಇಸವಿಯ ಮೇ ೧೦ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ಅವರು ಕಾಲವಾದರು.

ಅವರ ತರುವಾಯ ಪರಂಪರೆಯು ನಿಲ್ಲಲಿಲ್ಲ. ಅದೇ ಮಿಶನಿನ ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪತ್ರಿಕೆಗಳ ಪಂಕ್ತಿಯಲ್ಲಿ ‘ಸ್ವದೇಶಾಭಿಮಾನಿ’ಯಂತಹವು ಹುಟ್ಟಿ ತಮ್ಮ ಸೇವೆಯನ್ನು ಸಲ್ಲಿಸಿ ಮುಗಿದುವು, ೧೯೭೦ರಲ್ಲಿ ನಮ್ಮ ಮಣಿಪಾಲದಲ್ಲಿಯೇ ‘ಉದಯವಾಣಿ’ಯು ಆರಂಭವಾಯಿತು. ಊರ ಚರಿತ್ರೆಯ ಪಂಕ್ತಿಯಲ್ಲಿ ಗಣಪತಿರಾವ್ ಐಗಳವರು ೧೯೨೩ರಲ್ಲಿ ಜಿಲ್ಲೆಯ ಪ್ರಾಚೀನ ಇತಿಹಾಸವನ್ನು ಕನ್ನಡದಲ್ಲಿ ಬರೆದರು. ಮುಂದೆ ಪಾದೂರು ಗುರುರಾಜ ಭಟ್ಟರು ಊರೂರು ಅಲೆದು ದೇವಾಲಯಗಳನ್ನೂ ಶಾಸನಗಳನ್ನೂ ಪರಿಶೀಲಿಸಿ ತುಳುನಾಡಿನ ಇತಿಹಾಸಕ್ಕೆ ಭದ್ರವಾದ ತಳಹದಿಯನ್ನು ಹಾಕಿದರು. ವಿದೇಶೀಯರು ಆರಂಭಿಸಿದ ಕಾರ್ಯವನ್ನು ನಮ್ಮವರೇ ವಹಿಸಿಕೊಂಡರೆಂಬುದು ಸಂತೋಷದ ಸಂಗತಿ.

ನಮ್ಮ ಕರ್ತವ್ಯ

ಆದರೆ ಗೃಹಸ್ಥರಾದ ನಮಗೆ ಇದರಲ್ಲಿ ಕರ್ತವ್ಯವೇನೂ ಇಲ್ಲವೇ? ಇದೆ. ನಮ್ಮ ಬೆಳ್ಮಣ್ಣಿನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಏತಕ್ಕೆ ಬರುವುದೆಂಬುದನ್ನು ಇಲ್ಲಿಯ ಎಷ್ಟು ಮಂದಿ ಬಲ್ಲರು? ಶ್ರೀ ದುರ್ಗಾಪರಮೇಶ್ವರಿಯ ಸನ್ನಿಧಿಯಿಂದ ಊರು ಪ್ರಸಿದ್ಧವಾಗಿರುವುದನ್ನು ಎಲ್ಲರೂ ಬಲ್ಲರು. ಆಳುಪ ವಂಶದ ಆಳುವರಸನ, ಸುಮಾರು ೮ನೆಯ ಶತಮಾನದ ತಾಮ್ರಶಾಸನವೊಂದು ಇದೇ ಬೆಳ್ಮಣ್ಣಿನಲ್ಲಿ ದೊರೆತಿದೆಯೆಂಬುದನ್ನೂ, ಅದರ ಮೇಲೆ ಆಳುಪರ ಲಾಂಛನವಾದ ಜೋಡಿಮೀನು ಇದೆಯೆಂಬುದನ್ನೂ, ಕನ್ನಡ ಭಾಷೆಯ ಅತಿ ಪ್ರಾಚೀನ ತಾಮ್ರಶಾಸನಗಳಲ್ಲಿ ಅದನ್ನು ಎಣಿಸುವರೆಂಬುದನ್ನೂ ಬಲ್ಲವರು ವಿರಳ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾನು ಕಂಡುದೂ ಇದನ್ನೇ. ದಿಲ್ಲಿಯ ಸುಲ್ತಾನರ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುವ ಬಾಲಕನಿಗೆ ತನ್ನ ಮನೆಯ ಮುಂದಿನ ಕೆರೆಯನ್ನು ಕಟ್ಟಿಸಿದವರಾರೆಂಬುದು ತಿಳಿಯದು. ಅವನ ತಂದೆಗೂ ತಿಳಿಯದು. ತಿಳಿದಿದ್ದ ಅಜ್ಜನನ್ನು ಯಾರೂ ಕೇಳಲಿಲ್ಲ.

ಹಿಂದಿನವರು ಸಾವಿರಾರು ವರ್ಷ ಉಳಿಯಲೆಂದು ತಾಮ್ರದ ಮೇಲೆ ಕೆತ್ತಿಸಿದರು. ಓಲೆಗರಿಯ ಮೇಲೆ ಕಂಟದಿಂದ ಬರೆದರು. ಕಡತದಲ್ಲಿ ಲೆಕ್ಕವನ್ನು ಇಟ್ಟರು. ಇವುಗಳ ಶತ್ರುಗಳು ದೂರದಲ್ಲಿಲ್ಲ: ಆಟಿಯ ತಿಂಗಳ ಶೈತ್ಯ, ಗೆದ್ದಲು, ಅಟ್ಟದ ಇಲಿ, ಮತ್ತು ‘ಇದೇನು ಹಳೆಯ ಕಸ’ ಎನ್ನುವ ನಮ್ಮ ನಾಲಗೆ. ಹಳೆಯ ಮನೆಯನ್ನು ಕೆಡಹಿ ತಾರಸಿಯ ಮನೆಯನ್ನು ಕಟ್ಟುವಾಗ ಅಟ್ಟದಿಂದ ಇಳಿದ ಓಲೆಯ ಕಟ್ಟುಗಳು ನೀರು ಕಾಯಿಸುವ ಒಲೆಗೆ ಹೋದ ಸಂಗತಿಗಳನ್ನು ಕೇಳುವಾಗ ಹೊಟ್ಟೆಯಲ್ಲಿ ಸಂಕಟವಾಗುವುದು. ಸಮುದ್ರದಾಚೆಯಿಂದ ಬಂದವರೊಬ್ಬರು ಯಾವುದನ್ನು ಮನೆಮನೆಯಿಂದ ಬೇಡಿ ತಂದು ತಿದ್ದಿ ಅಚ್ಚುಮಾಡಿದರೋ ಅದನ್ನೇ ನಾವು ಉರಿಸಬಹುದೇ?

ಕರ್ತವ್ಯವು ಕಷ್ಟದ್ದಲ್ಲ. ಮನೆಯಲ್ಲಿ ಓಲೆಗರಿಗಳಿದ್ದರೆ ಅವುಗಳನ್ನು ಬಿಚ್ಚಿ ಒಣಬಟ್ಟೆಯಿಂದ ಒರಸಿ, ನೆರಳಿನಲ್ಲಿ ಗಾಳಿಗೆ ಹರಡಿ, ಹಲಗೆಗಳ ನಡುವೆ ಕಟ್ಟಿ ಶೈತ್ಯ ತಗಲದ ಎಡೆಯಲ್ಲಿ ಇಡಿರಿ. ಓದಲು ಬಾರದಿದ್ದರೆ ಬಲ್ಲವರಿಗೆ ತೋರಿಸಿರಿ, ಛಾಯಾಚಿತ್ರಗಳನ್ನು ತೆಗೆಸಿಡಿರಿ, ಇಡುವ ಶಕ್ತಿಯಿಲ್ಲದವರು ವಿಶ್ವವಿದ್ಯಾನಿಲಯದ ಅಥವಾ ಮಠದ ಗ್ರಂಥಭಂಡಾರಕ್ಕೆ ಒಪ್ಪಿಸಿರಿ. ಮನೆಯಲ್ಲಿ ಎಪ್ಪತ್ತು ಎಂಬತ್ತು ದಾಟಿದ ಹಿರಿಯರಿದ್ದರೆ ಸಂಜೆಯ ಹೊತ್ತು ಅವರ ಬಳಿಯಲ್ಲಿ ಕುಳಿತು ಕೇಳಿರಿ: ಅಜ್ಜಾ, ಕಡವಿನ ದೋಣಿ ಎಂದು ನಿಂತಿತು? ಅಜ್ಜೀ, ನಿಮ್ಮ ಮದುವೆಯಲ್ಲಿ ಯಾವ ಹಾಡು ಹಾಡಿದರು? ಗದ್ದೆಯ ಗೇಣಿ ಎಷ್ಟು ಮುಡಿ ಇದ್ದಿತು? ಬೊಗ್ಗು, ನೆರೆ, ಬರಗಾಲಗಳು ಯಾವ ವರ್ಷ ಬಂದುವು? ಉತ್ತರವನ್ನು ಒಂದು ನೋಟುಪುಸ್ತಕದಲ್ಲಿ ಬರೆದು, ಹೇಳಿದವರ ಹೆಸರನ್ನೂ ತಾರೀಕನ್ನೂ ನಮೂದಿಸಿರಿ. ಈ ಕೆಲಸವನ್ನು ಮನೆಯ ಹೆಣ್ಣುಮಕ್ಕಳು ಇನ್ನೂ ಚೆನ್ನಾಗಿ ಮಾಡಬಲ್ಲರು. ಹಿರಿಯರ ಮಾತನ್ನು ತಾಳ್ಮೆಯಿಂದ ಕೇಳುವ ಗುಣವು ಅವರಲ್ಲಿ ಹೆಚ್ಚು.

ಮೋಗ್ಲಿಂಗರ ಪತ್ರಿಕೆಯು ನಡೆದುದು ಅಲ್ಪಕಾಲ. ಅಚ್ಚಾದ ಕಲ್ಲಿನ ಬರಹವು ಅಂದಂದಿಗೇ ಅಳಿಯಿತು. ಆದರೂ ಕೆಲವು ಪ್ರತಿಗಳನ್ನು ಆ ಸಂಸ್ಥೆಯವರು ಜೋಪಾನವಾಗಿ ಕಾಪಾಡಿದುದರಿಂದ, ನೂರ ಎಂಬತ್ತು ವರ್ಷಗಳು ಕಳೆದ ಮೇಲೆಯೂ ಅದರ ಹುಟ್ಟುಹಬ್ಬವನ್ನು ನಾಡೆಲ್ಲ ಆಚರಿಸುತ್ತಿದೆ. ಮಾವಿನ ಬುಡಕ್ಕೆ ಬಿದ್ದ ನೀರನ್ನು ಯಾರು ಯಾವ ಸಂಕಲ್ಪದಿಂದ ಬಿಟ್ಟರೆಂಬುದನ್ನು ಅರಿತಿರೋಣ; ಆದರೆ ಮರವು ನಮ್ಮದು. ಅದಕ್ಕೆ ಮುಂದೆ ನೀರೆರೆಯಬೇಕಾದವರು ನಾವೇ.